ಆಡಿ ಮುಗಿಸಿದವರಿಗೆ ಕಾಲೇಜಿನ ಬಾಗಿಲು

ಕಾರ್ಲ್‌ಟನ್ ಚಾಪ್‌ಮನ್ 2020ರ ಅಕ್ಟೋಬರ್ 12ರಂದು ಬೆಂಗಳೂರಿನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಅವರಿಗೆ 49 ವರ್ಷ. ಅಂದು ಬಂದ ಶ್ರದ್ಧಾಂಜಲಿಗಳಲ್ಲಿ ಹೆಚ್ಚಿನವು ಮಿಡ್‌ಫೀಲ್ಡಿನಲ್ಲಿ ಅವರು ಆಡಿದ ಆಟವನ್ನು ನೆನೆದವು. ನೆನೆಯಬೇಕಾದದ್ದೇ. ಆದರೆ 2001ರಲ್ಲಿ ಆಟ ನಿಲ್ಲಿಸಿದ ಮೇಲೂ ಅವರಿಗೆ ಸುಮಾರು ಎರಡು ದಶಕದ ಬದುಕಿತ್ತು. ಅದರ ಬಹುಪಾಲನ್ನು ಅವರು ಹುಡುಗರಿಗೆ ಆಟ ಕಲಿಸುವುದರಲ್ಲೇ ಕಳೆದರು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಕಡೆಯಿಂದ ಹಿಂತಿರುಗಿ ನೋಡುವವರಿಗೆ ಆ ಎರಡನೆಯ ಬದುಕೇ ಹೆಚ್ಚು ಮುಖ್ಯ.

ಮೊದಲ ಬದುಕನ್ನು ಚುರುಕಾಗಿ ಹೇಳಿಬಿಡಬಹುದು. 1971ರ ಏಪ್ರಿಲ್ 13ರಂದು ಬೆಂಗಳೂರಿನಲ್ಲಿ ಹುಟ್ಟಿದ ಹುಡುಗ 1990ರಲ್ಲಿ ಜಮ್‌ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿ ಸೇರಿದ. 1993ರಲ್ಲಿ ಈಸ್ಟ್ ಬೆಂಗಾಲ್ ತಂಡಕ್ಕೆ ಬಂದು, ಏಷ್ಯನ್ ಕಪ್ ವಿನ್ನರ್ಸ್ ಕಪ್ಪಿನಲ್ಲಿ ಇರಾಕಿನ ಅಲ್ ಝವ್ರಾ ತಂಡದ ಮೇಲೆ ಹ್ಯಾಟ್ರಿಕ್ ಹೊಡೆದ. ಆ ಪಂದ್ಯವನ್ನು ಈಸ್ಟ್ ಬೆಂಗಾಲ್ 6-2ರಿಂದ ಗೆದ್ದಿತು. ಆಮೇಲೆ ಪಂಜಾಬಿನ ಜೆಸಿಟಿ. ಐ.ಎಂ. ವಿಜಯನ್, ಬೈಚುಂಗ್ ಭುಟಿಯಾ ಜೊತೆ ಆಡಿದ ಆ ತಂಡ 1996-97ರ ಮೊಟ್ಟಮೊದಲ ರಾಷ್ಟ್ರೀಯ ಲೀಗ್ ಗೆದ್ದಿತು. ಎಫ್‌ಸಿ ಕೊಚ್ಚಿನ್‌ನಲ್ಲಿ ಒಂದು ಸುತ್ತು ಮುಗಿಸಿ ಮತ್ತೆ ಈಸ್ಟ್ ಬೆಂಗಾಲ್‌ಗೆ ಮರಳಿದ ಚಾಪ್‌ಮನ್ ನಾಯಕತ್ವದಲ್ಲೇ ಆ ಕ್ಲಬ್ಬಿಗೆ 2000-01ರಲ್ಲಿ ಮೊದಲ ರಾಷ್ಟ್ರೀಯ ಲೀಗ್ ಪ್ರಶಸ್ತಿ ಸಿಕ್ಕಿತು. ಅವರು ಭಾರತ ತಂಡದ ನಾಯಕರೂ ಆಗಿದ್ದರು.

ಇನ್ನು ತರಬೇತುದಾರನ ಬದುಕು. ಮೊದಲು ತಾನು ಕಲಿತ ಟಾಟಾ ಅಕಾಡೆಮಿಯಲ್ಲೇ ಕೋಚ್. ಅಲ್ಲಿಂದ ಶಿಲ್ಲಾಂಗಿನ ರಾಯಲ್ ವಾಹಿಂಗ್ಡೊ ತಂಡ. ಆ ತಂಡವನ್ನು ಸ್ಥಳೀಯ ಲೀಗಿನ ಚಾಂಪಿಯನ್ ಮಾಡಿದರು. ಕೋಲ್ಕತ್ತದ ಭವಾನಿಪುರ, ಬೆಂಗಳೂರಿನ ಸ್ಟೂಡೆಂಟ್ಸ್ ಯೂನಿಯನ್, ದೆಹಲಿಯ ಸುದೇವಾ, ಕೊನೆಗೆ ಕಲ್ಲಿಕೋಟೆಯ ಕ್ವಾರ್ಟ್ಜ್ ಅಕಾಡೆಮಿ. ಈ ಊರುಗಳನ್ನು ನಕ್ಷೆಯ ಮೇಲೆ ಗುರುತು ಹಾಕಿದರೆ ಪೂರ್ವ, ಉತ್ತರ, ದಕ್ಷಿಣ ಭಾರತವೆಲ್ಲ ಸಿಗುತ್ತದೆ. ಕರ್ನಾಟಕದ ಒಂದು ಕಾಲೇಜು ಮಾತ್ರ ಸಿಗುವುದಿಲ್ಲ.

ಕಾಲೇಜನ್ನೇ ಏಕೆ ಹಿಡಿದು ಕೇಳುತ್ತಿದ್ದೇವೆ? ಬೆಂಗಳೂರಿನ ಹುಡುಗನಿಗೆ ಆಸ್ಟಿನ್ ಟೌನ್ ಮೈದಾನವಿದೆ, ಕ್ಲಬ್ಬುಗಳಿವೆ, ಹಣ ಕಟ್ಟುವ ಅಕಾಡೆಮಿಗಳಿವೆ. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಹದಿನೆಂಟರ ಹುಡುಗನಿಗೋ ಹುಡುಗಿಗೋ ಜರ್ಸಿ ಕೊಡುವ, ಬಸ್ ಚಾರ್ಜು ಕೊಡುವ, ಹೊರಗಿನ ತಂಡದ ಎದುರು ನಿಲ್ಲಿಸುವ ಸಂಸ್ಥೆ ಒಂದೇ. ಅದು ಸರ್ಕಾರಿ ಪ್ರಥಮ ದರ್ಜೆ ಕಾಲೇಜು. ಅಂತರ ಕಾಲೇಜು ಪಂದ್ಯದಲ್ಲಿ ಕಣ್ಣಿಗೆ ಬಿದ್ದರೆ ಮೈಸೂರು ವಿಶ್ವವಿದ್ಯಾಲಯದ ತಂಡ, ಅಲ್ಲಿಂದ ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಟೂರ್ನಿ. ಇಲ್ಲಿಯ ಯುವಕರಿಗೆ ತೆರೆದಿರುವ ಮೆಟ್ಟಿಲುಗಳು ಇವೇ. ಈ ಮೆಟ್ಟಿಲುಗಳ ಬುಡದಲ್ಲಿ ನಿಂತಿರುವ ವ್ಯಕ್ತಿ ಯಾರು ಎಂಬುದರ ಮೇಲೆ ಎಷ್ಟು ಜನ ಹತ್ತುತ್ತಾರೆಂಬುದು ನಿಂತಿದೆ.

ಆ ವ್ಯಕ್ತಿಯನ್ನು ಮಕ್ಕಳು ಪಿ.ಡಿ. ಸರ್ ಎಂದು ಕರೆಯುತ್ತಾರೆ, ಕಡತದಲ್ಲಿ ದೈಹಿಕ ಶಿಕ್ಷಣ ನಿರ್ದೇಶಕ. ಒಂದು ಕಾಲೇಜಿಗೆ ಒಂದೇ ಹುದ್ದೆ. ಕಬಡ್ಡಿ, ವಾಲಿಬಾಲ್, ಖೊ ಖೊ, ಓಟ, ಗುಂಡೆಸೆತ, ಚೆಸ್ಸು, ಫುಟ್‌ಬಾಲ್ ಎಲ್ಲವೂ ಅವರ ಪಾಲಿಗೆ. ಗಂಡುಮಕ್ಕಳ ತಂಡವೂ ಹೆಣ್ಣುಮಕ್ಕಳ ತಂಡವೂ ಅವರದೇ. ಪ್ರವೇಶಾತಿ ಸಮಿತಿ, ಶಿಸ್ತು ಸಮಿತಿ, ಪರೀಕ್ಷಾ ಕೆಲಸ, ಚುನಾವಣೆ ಬಂದರೆ ಚುನಾವಣಾ ಕರ್ತವ್ಯ, ಆಗಸ್ಟ್ 15ರ ಪಥಸಂಚಲನ ಕೂಡ ಅವರ ತಲೆಗೇ. ಇಷ್ಟರ ನಡುವೆಯೂ ತಾವು ಬಲ್ಲ ಆಟದಲ್ಲಿ ತಂಡ ಕಟ್ಟಿ ಮಕ್ಕಳನ್ನು ವಿಶ್ವವಿದ್ಯಾಲಯದವರೆಗೆ ಒಯ್ದ ಪಿ.ಡಿ. ಸರ್‌ಗಳು ಈ ಭಾಗದಲ್ಲಿ ಇದ್ದಾರೆ. ಅವರನ್ನು ಕಡಿಮೆ ಮಾಡಿ ಹೇಳುವ ಉದ್ದೇಶ ಈ ಬರಹಕ್ಕಿಲ್ಲ. ಕಬಡ್ಡಿ ಆಡಿದವರು ಕಬಡ್ಡಿ ಕಲಿಸುತ್ತಾರೆ, ವಾಲಿಬಾಲ್ ಆಡಿದವರು ವಾಲಿಬಾಲ್ ಕಲಿಸುತ್ತಾರೆ, ಅದು ಸಹಜ. ಇಲ್ಲಿ ಫುಟ್‌ಬಾಲ್ ಬೆಳೆಯದಿರುವುದಕ್ಕೆ ಮಕ್ಕಳ ಕಾಲಿನಲ್ಲಿ ಕೊರತೆಯೇನಿಲ್ಲ. ಹೊಟ್ಟೆಪಾಡಿಗಾಗಿ ಫುಟ್‌ಬಾಲ್ ಆಡಿದವರು ಯಾರೂ ಇಲ್ಲಿಗೆ ಕಲಿಸಲು ಬರಲಾರದಂತೆ ವ್ಯವಸ್ಥೆ ಇದೆ.

ಬರಲಾರರು ಎಂದದ್ದು ಅಳೆದು ಹೇಳಿದ ಮಾತು. ಕಾಲೇಜು ಹುದ್ದೆಗಳಿಗೆ ದೇಶಕ್ಕೆಲ್ಲ ಅನ್ವಯಿಸುವ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ನಿಯಮಾವಳಿ 2018ರ ಜುಲೈನದು. ದೈಹಿಕ ಶಿಕ್ಷಣ ನಿರ್ದೇಶಕರಾಗಲು ದೈಹಿಕ ಶಿಕ್ಷಣದಲ್ಲಿ ಸ್ನಾತಕೋತ್ತರ ಪದವಿ ಬೇಕು, ಅದರಲ್ಲಿ ಶೇ 55 ಅಂಕ ಬೇಕು, ನೆಟ್ ಅಥವಾ ಸ್ಲೆಟ್ ಪಾಸಾಗಿರಬೇಕು. ಕಾಲೇಜನ್ನೋ ವಿಶ್ವವಿದ್ಯಾಲಯವನ್ನೋ ರಾಜ್ಯವನ್ನೋ ಪ್ರತಿನಿಧಿಸಿ ಆಡಿದ ದಾಖಲೆ ಬೇಕು. ದೈಹಿಕ ಕ್ಷಮತೆಯ ಪರೀಕ್ಷೆಯೂ ಇದೆ: ಮೂವತ್ತರೊಳಗಿನ ಪುರುಷ ಅಭ್ಯರ್ಥಿ 12 ನಿಮಿಷದಲ್ಲಿ 1800 ಮೀಟರ್ ಓಡಬೇಕು. ಇಷ್ಟೆಲ್ಲ ಕೇಳುವ ನಿಯಮ ಒಂದನ್ನು ಮಾತ್ರ ಕೇಳುವುದಿಲ್ಲ. ಯಾವುದಾದರೂ ಒಂದು ಆಟವನ್ನು ಕಲಿಸಲು ಪಡೆದ ಕೋಚಿಂಗ್ ಲೈಸೆನ್ಸ್ ನಿಮ್ಮಲ್ಲಿದೆಯೇ ಎಂಬುದನ್ನು.

ಫುಟ್‌ಬಾಲನ್ನೇ ವೃತ್ತಿ ಮಾಡಿಕೊಂಡವನ ದಾರಿ ಹೇಗಿರುತ್ತದೆ ನೋಡಿ. ಹದಿಹರೆಯದಲ್ಲೇ ಮನೆ ಬಿಡುತ್ತಾನೆ. ಚಾಪ್‌ಮನ್ ಹತ್ತೊಂಬತ್ತಕ್ಕೇ ಜಮ್‌ಶೆಡ್‌ಪುರಕ್ಕೆ ಹೋದವರು. ಬೇರೆಯವರು ಬಿ.ಎ., ಬಿ.ಪಿ.ಎಡ್., ಎಂ.ಪಿ.ಎಡ್. ಎಂದು ಮುಂದುವರಿಯುವ ವರ್ಷಗಳೇ ಇವನು ಬೆಳಗ್ಗೆ ಸಂಜೆ ಅಭ್ಯಾಸ ಮಾಡಿ ಸಂಬಳಕ್ಕೆ ಆಡುವ ವರ್ಷಗಳು. ಮೂವತ್ತೆರಡು ಮೂವತ್ತಮೂರಕ್ಕೆ ಮೊಣಕಾಲು ಮಾತು ಕೇಳದಾದಾಗ ಅವನ ಕೈಯಲ್ಲಿ ಆಟದ ಅರಿವಿರುತ್ತದೆ, ಪದವಿ ಇರುವುದಿಲ್ಲ. ಹಿಂದೆ ಇದು ಇಷ್ಟು ಕಾಡುತ್ತಿರಲಿಲ್ಲ. ಬೆಂಗಳೂರಿನಲ್ಲಿ ಐಟಿಐ, ಎಚ್‌ಎಎಲ್, ಬಿಇಎಂಎಲ್‌ನಂಥ ಕಾರ್ಖಾನೆಗಳು ತಂಡ ಕಟ್ಟಿ ಆಟಗಾರರಿಗೆ ನೌಕರಿ ಕೊಡುತ್ತಿದ್ದವು. ಆಟ ಮುಗಿದರೂ ನಿವೃತ್ತಿಯವರೆಗೆ ಸಂಬಳ ನಿಲ್ಲುತ್ತಿರಲಿಲ್ಲ. ಆ ನೌಕರಿಗಳು ಕರಗಿವೆ. ಈಗಿನದು ಕರಾರಿನ ಕಾಲ, ಕರಾರು ಮುಗಿದ ಮರುದಿನ ಆಟಗಾರ ಬರಿಗೈ.

ಅದೇ ನಿಯಮಾವಳಿಯಲ್ಲಿ ಆಟಗಾರರಿಗೆಂದೇ ಒಂದು ಕಿರುಬಾಗಿಲು ಇದೆ ಎಂಬುದನ್ನೂ ಹೇಳಬೇಕು. ಏಷ್ಯನ್ ಕ್ರೀಡಾಕೂಟದಲ್ಲೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲೋ ಪದಕ ಗೆದ್ದವರು, ಯಾವುದಾದರೂ ಸ್ನಾತಕೋತ್ತರ ಪದವಿ ಇದ್ದರೆ, ಈ ಹುದ್ದೆಗೆ ಅರ್ಹರು. ಓಟಗಾರರಿಗೆ, ಕುಸ್ತಿಪಟುಗಳಿಗೆ, ಕಬಡ್ಡಿಯವರಿಗೆ ಇದು ಉಪಯೋಗಕ್ಕೆ ಬಂದೀತು. ಫುಟ್‌ಬಾಲಿನ ಲೆಕ್ಕ ಹಾಕಿ. ಕಾಮನ್‌ವೆಲ್ತ್ ಕೂಟದಲ್ಲಿ ಫುಟ್‌ಬಾಲ್ ಇಲ್ಲವೇ ಇಲ್ಲ. ಏಷ್ಯನ್ ಕೂಟದಲ್ಲಿ ಭಾರತ ಚಿನ್ನ ಗೆದ್ದದ್ದು 1951ರಲ್ಲಿ ಮತ್ತು 1962ರಲ್ಲಿ, ಕಂಚು ಗೆದ್ದದ್ದು 1970ರಲ್ಲಿ. ಅಲ್ಲಿಗೆ ಮುಗಿಯಿತು. ಮಹಿಳೆಯರ ಫುಟ್‌ಬಾಲಿನಲ್ಲಿ ಭಾರತಕ್ಕೆ ಏಷ್ಯನ್ ಕೂಟದ ಪದಕವೇ ಬಂದಿಲ್ಲ. 1970ರಲ್ಲಿ ಬ್ಯಾಂಕಾಕಿನಲ್ಲಿ ಆಡಿದವರೆಲ್ಲ ನಿವೃತ್ತಿಯ ವಯಸ್ಸನ್ನು ಎಂದೋ ದಾಟಿದವರು. ಅಂದರೆ ಇವತ್ತು ದುಡಿಯುವ ವಯಸ್ಸಿನ ಒಬ್ಬನೇ ಒಬ್ಬ ಭಾರತೀಯ ಫುಟ್‌ಬಾಲ್ ಆಟಗಾರನೂ, ಆಟಗಾರ್ತಿಯೂ ಈ ಬಾಗಿಲಿನಿಂದ ಒಳಗೆ ಬರಲಾರರು. ಚಾಪ್‌ಮನ್ ಅವರಂಥ ನಾಯಕನಿಗೂ ಹುಣಸೂರಿನ ಡಿ. ದೇವರಾಜ ಅರಸು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಆಟದ ಬಲದ ಮೇಲೆ ಕಾಯಂ ಹುದ್ದೆ ಸಿಗುವಂತಿರಲಿಲ್ಲ. ಯಾರೋ ದುರುದ್ದೇಶದಿಂದ ಬರೆದ ಸಾಲು ಇದೆಂದು ನಾವು ಭಾವಿಸುವುದಿಲ್ಲ. ಫುಟ್‌ಬಾಲನ್ನು ನೆನಪಿಟ್ಟುಕೊಳ್ಳದೆ ಬರೆದ ಸಾಲು ಎಂಬುದಂತೂ ದಿಟ. ಆಟಗಾರರಿಗೆ ಕಾಲೇಜಿನ ದಾರಿ ಸುಗಮಗೊಳಿಸುವ ಮಾತನ್ನು 2025ರ ಜನವರಿಯಲ್ಲಿ ಹೊರಬಂದ ಯುಜಿಸಿಯ ಹೊಸ ಕರಡು ಆಡಿದೆ. ಆ ಮಾತು ಫುಟ್‌ಬಾಲಿನವರನ್ನೂ ಒಳಗೊಳ್ಳುವಂತೆ ಗಟ್ಟಿಯಾಗಿ ಕೇಳಬೇಕಾದ ಹೊತ್ತು ಇದು.

ಪದವಿ ಬೇಡವೇ ಬೇಡ, ಆಡಿದ್ದೊಂದೇ ಸಾಕು ಎಂದು ನಾವು ವಾದಿಸುತ್ತಿಲ್ಲ. ಚೆನ್ನಾಗಿ ಆಡಿದವರೆಲ್ಲ ಚೆನ್ನಾಗಿ ಕಲಿಸುತ್ತಾರೆಂಬುದು ಸುಳ್ಳು. ಆ ಎರಡೂ ಚಿನ್ನದ ಪದಕಗಳ ಹಿಂದೆ ಇದ್ದ ಕೋಚ್ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್. ಅವರು ಶಾಲಾ ಮೇಷ್ಟ್ರು. ಉಸ್ಮಾನಿಯಾ ವಿಶ್ವವಿದ್ಯಾಲಯದ ತಂಡಕ್ಕೆ ಆಡಿದವರು, ದೈಹಿಕ ಶಿಕ್ಷಣದ ಡಿಪ್ಲೊಮಾ ಮಾಡಿಕೊಂಡು ಶಾಲೆಯ ಅಂಗಳದಲ್ಲಿ ಕಲಿಸಿದವರು. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಭಾರತ ನಾಲ್ಕನೆಯ ಸ್ಥಾನಕ್ಕೆ ಏರಿದ್ದೂ ಅವರ ಕೈಕೆಳಗೆ. ಜಕಾರ್ತದ ಚಿನ್ನ ಗೆಲ್ಲಿಸಿಕೊಟ್ಟ ಮರುವರ್ಷ, 1963ರ ಜೂನ್‌ನಲ್ಲಿ, ತೀರಿಕೊಂಡರು. ರಹೀಮ್ ಅವರ ಬದುಕಿನಿಂದ ತಿಳಿಯುವುದು ಎರಡು. ಕಲಿಸುವುದೂ ಕಲಿಯಬೇಕಾದ ವಿದ್ಯೆ. ಮತ್ತು ಆ ವಿದ್ಯೆ ಅರಳುವುದು ದಿನವೂ ಮಕ್ಕಳು ಸಿಗುವ ಜಾಗದಲ್ಲಿ, ಅಂದರೆ ಶಾಲೆ ಕಾಲೇಜಿನಲ್ಲಿ. ಫುಟ್‌ಬಾಲಿನಲ್ಲಿ ಈಗ ಡಿ ಲೈಸೆನ್ಸಿನಿಂದ ಹಿಡಿದು ಸಿ, ಬಿ, ಎ, ಪ್ರೊ ಎಂದು ಮೇಲೇರುವ ತರಬೇತಿ ಪರೀಕ್ಷೆಗಳೇ ಇವೆ. ಆಡಿ ಬಂದವನು ಇವನ್ನು ಪಾಸು ಮಾಡಿದ್ದರೆ ಅದನ್ನು ಅರ್ಹತೆ ಎಂದು ಕಾಲೇಜು ಒಪ್ಪಲಿ ಎಂಬುದಷ್ಟೇ ಕೇಳಿಕೆ.

ಈ ಸೀಮೆಗೆ ಇದೇನೂ ಹೊಸ ಪದ್ಧತಿಯಲ್ಲ. ಮೈಸೂರಿನ ಗರಡಿ ಮನೆಗಳಲ್ಲಿ ಕುಸ್ತಿ ಬಿಟ್ಟ ಪೈಲ್ವಾನನೇ ಉಸ್ತಾದ. ಮಟ್ಟಿಯ ಮಣ್ಣು ಹದ ಮಾಡುವುದು, ಎಳೆಯ ಹುಡುಗನ ಮೈ ನೋಡಿ ಯಾವ ಪಟ್ಟು ಹೇಳಿಕೊಡಬೇಕೆಂದು ಅಂದಾಜಿಸುವುದು, ಯಾವ ಜೋಡಿಗೆ ಯಾವಾಗ ಬಿಡಬೇಕೆಂದು ತೀರ್ಮಾನಿಸುವುದು ಎಲ್ಲ ಅವನದೇ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸರೂ ಎಳವೆಯಲ್ಲಿ ಕುಸ್ತಿಯಲ್ಲಿ ಪಳಗಿದವರೇ, ಇಂದಿಗೂ ಮೈಸೂರು ದಸರೆಯ ಕುಸ್ತಿ ನಡೆಯುವ ಕ್ರೀಡಾಂಗಣಕ್ಕೆ ಅವರದೇ ಹೆಸರು. ಗರಡಿಯಲ್ಲಿ ಆಡಿದವನ ಅರಿವು ಮುಂದಿನವರಿಗೆ ದಾಟುವುದಕ್ಕೆ ಒಂದು ಜಾಗವಿತ್ತು, ಒಂದು ಮರ್ಯಾದೆಯಿತ್ತು. ಫುಟ್‌ಬಾಲಿಗೆ ಅಂಥ ಜಾಗ ನಮ್ಮ ತಾಲ್ಲೂಕುಗಳಲ್ಲಿ ಹುಟ್ಟಲೇ ಇಲ್ಲ.

ಹಾಗೆಂದು ಫುಟ್‌ಬಾಲ್ ಈ ಕಡೆಗೆ ಅಪರಿಚಿತವೂ ಅಲ್ಲ. ಎರಡು ಅಂಚುಗಳಲ್ಲಿ ಅದು ಜೀವಂತವಾಗಿದೆ. ಎಚ್.ಡಿ. ಕೋಟೆಯಿಂದ ಕಾಡಿನ ದಾರಿ ಹಿಡಿದು ಬಾವಲಿ ದಾಟಿದರೆ ವಯನಾಡು. ಅಲ್ಲಿ ಸೆವೆನ್ಸ್ ಫುಟ್‌ಬಾಲ್ ಸುಗ್ಗಿಯ ಹಬ್ಬದಷ್ಟೇ ಸಹಜ. ಅಂಬಲವಯಲಿನ ಸುಶಾಂತ್ ಮ್ಯಾಥ್ಯೂ 2014ರಲ್ಲಿ ಕೇರಳ ಬ್ಲಾಸ್ಟರ್ಸ್ ಪರವಾಗಿ ಐಎಸ್‌ಎಲ್ ಸೆಮಿಫೈನಲಿನಲ್ಲಿ ದೂರದಿಂದ ಹೊಡೆದ ಗೋಲನ್ನು ಇಂದಿಗೂ ಜನ ನೆನೆಯುತ್ತಾರೆ. ಅದೇ ಕಾಡಿನ ಈ ಬದಿಯಲ್ಲಿ, ಕಬಿನಿ ಹಿನ್ನೀರಿನ ಸುತ್ತಿನ ಹಾಡಿಗಳಲ್ಲಿ ಬೆಳೆದ ಜೇನು ಕುರುಬ, ಬೆಟ್ಟ ಕುರುಬ ಮಕ್ಕಳಲ್ಲಿ ಓಟದ ಕಸುವು ಕಡಿಮೆ ಇದೆಯೆಂದು ಅವರನ್ನು ಬಲ್ಲ ಯಾವ ಮೇಷ್ಟ್ರೂ ಹೇಳಲಾರರು. ಬೆಟ್ಟದ ಆಚೆಗೂ ಈಚೆಗೂ ಇರುವ ಅಂತರ ಮಕ್ಕಳದ್ದಲ್ಲ, ಕಲಿಸುವವರದ್ದು. ಕೇರಳದಲ್ಲಿ ವಿಕ್ಟರ್ ಮಂಜಿಲ ಎಂಬ ಗೋಲ್‌ಕೀಪರ್ ಇದ್ದರು. ಪ್ರೀಮಿಯರ್ ಟೈರ್ಸ್ ಕಂಪನಿಯ ತಂಡದಲ್ಲಿ ಆಡಿದವರು, 1973ರಲ್ಲಿ ಕೇರಳ ಮೊದಲ ಬಾರಿಗೆ ಸಂತೋಷ್ ಟ್ರೋಫಿ ಗೆದ್ದ ತಂಡದಲ್ಲಿ ಇದ್ದವರು. ಆಟ ಮುಗಿಸಿ ಕಲ್ಲಿಕೋಟೆ ವಿಶ್ವವಿದ್ಯಾಲಯಕ್ಕೆ ಬಂದು ಅಲ್ಲಿನ ಫುಟ್‌ಬಾಲ್ ತಂಡಗಳನ್ನು ಬಹುಕಾಲ ತರಬೇತುಗೊಳಿಸಿದರು. ಆಟಗಾರನನ್ನು ವಿಶ್ವವಿದ್ಯಾಲಯವೇ ಕರೆದು ಕೂರಿಸಿಕೊಂಡರೆ ಏನಾಗುತ್ತದೆಂಬುದಕ್ಕೆ ಉದಾಹರಣೆ ಹುಡುಕಿಕೊಂಡು ನಾವು ದೂರ ಹೋಗಬೇಕಿಲ್ಲ.

ಇನ್ನೊಂದು ಅಂಚು ಬೈಲಕುಪ್ಪೆ. 1960ರ ದಶಕದ ಆರಂಭದಲ್ಲಿ ಪಿರಿಯಾಪಟ್ಟಣ ತಾಲ್ಲೂಕಿನ ಈ ನೆಲದಲ್ಲಿ ಟಿಬೆಟನ್ನರು ನೆಲೆ ನಿಂತರು, 1972ರಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದಲ್ಲೂ. ಜೋಳದ ಹೊಲಗಳ ಜೊತೆಗೆ ಅವರು ಕಟ್ಟಿಕೊಂಡದ್ದು ಫುಟ್‌ಬಾಲ್. ದಲೈ ಲಾಮಾ ಅವರ ತಾಯಿಯ ನೆನಪಿನಲ್ಲಿ 1981ರಲ್ಲಿ ಆರಂಭವಾದ ಗ್ಯಾಲ್ಯುಮ್ ಚೆನ್ಮೊ ಚಿನ್ನದ ಕಪ್ ಟೂರ್ನಿಯಲ್ಲಿ ದೇಶದ ಬೇರೆ ಬೇರೆ ನೆಲೆಗಳ ತಂಡಗಳೊಡನೆ ಬೈಲಕುಪ್ಪೆಯವರೂ ಆಡುತ್ತಾ ಬಂದಿದ್ದಾರೆ. 2001ರಲ್ಲಿ ಕೋಪನ್‌ಹೇಗನ್‌ನಲ್ಲಿ ಟಿಬೆಟಿನ ತಂಡ ಗ್ರೀನ್‌ಲ್ಯಾಂಡ್ ವಿರುದ್ಧ ಮೊದಲ ಅಂತರರಾಷ್ಟ್ರೀಯ ಪಂದ್ಯ ಆಡಿತು, 1-4ರಿಂದ ಸೋತಿತು. 2018ರಲ್ಲಿ ಫಿಫಾ ಮಾನ್ಯತೆ ಇಲ್ಲದ ತಂಡಗಳ ವಿಶ್ವಕಪ್ಪಿಗೆ ಲಂಡನ್‌ಗೆ ಹೋಯಿತು. ಇಂಥ ಆಟ ಆಡುವ ಜನ ಪಿರಿಯಾಪಟ್ಟಣದಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿಯಲ್ಲಿದ್ದಾರೆ. ಅವರ ಹಿರಿಯ ಆಟಗಾರರನ್ನು ವಾರಕ್ಕೆರಡು ದಿನ ಕರೆಸಿಕೊಂಡು, ತಾಲ್ಲೂಕಿನ ಕಾಲೇಜು ತಂಡದೊಂದಿಗೆ ಒಂದು ಪಂದ್ಯ ಇಟ್ಟುಕೊಳ್ಳುವುದಕ್ಕೆ ಯುಜಿಸಿಯ ಅಪ್ಪಣೆಯೇನೂ ಬೇಡ. ಆರು ದಶಕ ಒಂದೇ ತಾಲ್ಲೂಕಿನಲ್ಲಿ ಇದ್ದೂ ಎರಡು ಅಂಗಳಗಳ ನಡುವೆ ಇಂಥ ನಿತ್ಯದ ಹಾದಿ ಬೀಳದಿರುವುದು ನಮ್ಮೆಲ್ಲರ ಸೋಲು.

ಕಾಲೇಜು ಆಟಗಳ ವಿಷಯದಲ್ಲಿ ಅಮೆರಿಕದ ಮಾತು ಬಂದಾಗ ಜನ ಅಲ್ಲಿನ ಹಣ ನೋಡಿ ಬೆರಗಾಗುತ್ತಾರೆ. ಅಲ್ಲಿನ ಫುಟ್‌ಬಾಲ್ ಬೇರೆ, ಕೈಯಲ್ಲಿ ಹಿಡಿದು ಓಡುವ ಆಟ. ವೃತ್ತಿ ಲೀಗಿನಲ್ಲಿ ಆಡಿದವರು ಕಾಲೇಜು ಕೋಚ್ ಆಗುವುದು ಅಲ್ಲಿ ರೂಢಿ. ಡೀಯನ್ ಸ್ಯಾಂಡರ್ಸ್ ಎಂಬ ಹೆಸರಾಂತ ಆಟಗಾರ 2020ರಲ್ಲಿ ಮಿಸಿಸಿಪಿಯ ಜಾಕ್ಸನ್ ಸ್ಟೇಟ್ ಎಂಬ, ಕರಿಯ ಸಮುದಾಯದ ಶಿಕ್ಷಣಕ್ಕಾಗಿ ಹುಟ್ಟಿದ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಕೋಚ್ ಆಗಿ ಬಂದರು. 2021, 2022 ಎರಡೂ ವರ್ಷ ತಂಡ ತನ್ನ ಒಕ್ಕೂಟದ ಪ್ರಶಸ್ತಿ ಗೆದ್ದಿತು. ಆಮೇಲೆ ಅವರು ಕೊಲರಾಡೊಗೆ ಹೋದರು. ನಮಗೆ ಇದರಲ್ಲಿ ಬೇಕಾದದ್ದು ಒಂದು ಚಿಕ್ಕ ಸಂಗತಿ: ಎಂದೋ ಬಿಟ್ಟಿದ್ದ ಪದವಿ ಓದನ್ನು ಅವರು ಅದೇ 2020ರಲ್ಲಿ, ಐವತ್ತು ದಾಟಿದ ಮೇಲೆ, ಮುಗಿಸಿಕೊಂಡಿದ್ದರು. ಆಡಿ ಮುಗಿಸಿದವನು ಮತ್ತೆ ತರಗತಿಗೆ ಮರಳಲು ಅಲ್ಲಿ ದಾರಿಯಿತ್ತು. ಮೈಸೂರಿನಲ್ಲೇ ಮುಕ್ತ ವಿಶ್ವವಿದ್ಯಾಲಯ ಇರುವಾಗ ನಮ್ಮ ಆಟಗಾರರಿಗೂ ಅಂಥ ದಾರಿ ಮಾಡಿಕೊಡುವುದು ಕಷ್ಟವೇನಲ್ಲ. ಆಡುವ ವರ್ಷಗಳಲ್ಲೇ ಪದವಿಗೆ ಸೇರಿಸಿಕೊಂಡರೆ ಮೂವತ್ತೈದರ ಹೊತ್ತಿಗೆ ಅರ್ಧ ತೊಡಕು ಬಗೆಹರಿಯುತ್ತದೆ.

ಹಣದ ಮಾತಿಗೂ ಉತ್ತರವಿದೆ. ಕೇಂದ್ರದ ಖೇಲೊ ಇಂಡಿಯಾ ಯೋಜನೆಯಲ್ಲಿ ಜಿಲ್ಲಾ ಮಟ್ಟದ ಸಣ್ಣ ಕೇಂದ್ರಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿ ನೆರವು ಗೊತ್ತುಪಡಿಸಿದೆ. ಅದರಲ್ಲಿ ಮುಖ್ಯ ಪಾಲು ಕೋಚ್ ಆಗಿ ನೇಮಕವಾಗುವ ಮಾಜಿ ಆಟಗಾರನ ಗೌರವಧನ. ದೇಶಕ್ಕೋ ರಾಜ್ಯಕ್ಕೋ ಆಡಿದ್ದನ್ನೇ ಈ ಯೋಜನೆ ಅರ್ಹತೆ ಎಂದು ಒಪ್ಪುತ್ತದೆ. ಸರ್ಕಾರದ ಒಂದು ಕೈ ಒಪ್ಪಿದ್ದನ್ನು ಇನ್ನೊಂದು ಕೈ ಒಪ್ಪದಿರುವುದು ಎಷ್ಟು ದಿನ? ಕ್ರೀಡಾ ಇಲಾಖೆ ಮತ್ತು ಕಾಲೇಜು ಶಿಕ್ಷಣ ಇಲಾಖೆ ಕೂಡಿ ಕೂತರೆ ನಾಲ್ಕು ತಾಲ್ಲೂಕು ಕಾಲೇಜುಗಳಿಗೆ ಸೇರಿ ಒಬ್ಬ ಫುಟ್‌ಬಾಲ್ ಕೋಚನ್ನು ನೇಮಿಸಬಹುದು. ಸೋಮವಾರ ಹುಣಸೂರು, ಮಂಗಳವಾರ ಪಿರಿಯಾಪಟ್ಟಣ, ಹೀಗೆ ಸುತ್ತಲಿ. ಪಿ.ಡಿ. ಸರ್ ಹುದ್ದೆಗೆ ಇದರಿಂದ ಕುಂದಿಲ್ಲ, ಅವರ ಹೊರೆ ಇಳಿಯುತ್ತದೆ. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಮಣಿಸಿ 54 ವರ್ಷಗಳ ಮೇಲೆ ಕರ್ನಾಟಕ ಸಂತೋಷ್ ಟ್ರೋಫಿ ಗೆದ್ದಿತಲ್ಲ, ಆ ತಂಡದವರು ಇನ್ನು ಕೆಲವೇ ವರ್ಷಗಳಲ್ಲಿ ಒಬ್ಬೊಬ್ಬರಾಗಿ ಆಟ ನಿಲ್ಲಿಸುತ್ತಾರೆ. ಆಗ ಅವರಿಗೆ ಹೇಳಲು ನಮ್ಮ ಬಳಿ ಒಂದು ವಿಳಾಸವಾದರೂ ಇರಬೇಕು.

ಬರುವ ಕೋಚಿಗೆ ಇಲ್ಲಿನ ಪಂಚಾಂಗವನ್ನೂ ತಿಳಿಸಿಡಬೇಕು. ಹುಣಸೂರು, ಪಿರಿಯಾಪಟ್ಟಣದಲ್ಲಿ ಆಷಾಢ, ಶ್ರಾವಣದ ಹೊತ್ತಿಗೆ ಹೊಗೆಸೊಪ್ಪು ಬ್ಯಾರನ್ ಏರುತ್ತದೆ. ರಾತ್ರಿಯೆಲ್ಲ ಬೆಂಕಿ ನೋಡಿಕೊಂಡ ಹುಡುಗ ಬೆಳಗ್ಗೆ ಆರಕ್ಕೆ ಮೈದಾನಕ್ಕೆ ಬರಲಾರ. ಕೆ.ಆರ್. ನಗರದ ಕಡೆ ನಾಲೆಗೆ ನೀರು ಬಿಟ್ಟರೆ ನಾಟಿ. ಎಚ್.ಡಿ. ಕೋಟೆಯ ಕಾಡಂಚಿನ ಹಳ್ಳಿಗಳಿಗೆ ಕತ್ತಲಾದ ಮೇಲೆ ಹೋಗುವುದೆಂದರೆ ಆನೆಯ ಭಯ, ಹಾಗಾಗಿ ಸಂಜೆಯ ಅಭ್ಯಾಸ ಕೊನೆಯ ಬಸ್ಸಿಗೆ ಮೊದಲೇ ಮುಗಿಯಬೇಕು, ಹೆಣ್ಣುಮಕ್ಕಳಿಗಂತೂ ಇನ್ನೂ ಮೊದಲೇ. ಅಂತರ ಕಾಲೇಜು ಪಂದ್ಯಗಳೂ ಸುಮಾರಾಗಿ ಇದೇ ತಿಂಗಳುಗಳ ಸುತ್ತ ಬರುತ್ತವೆ. ಹಾಗಾಗಿ ಅಭ್ಯಾಸ ಏಪ್ರಿಲ್, ಮೇಯಲ್ಲೇ ಶುರುವಾಗಬೇಕು, ಮಧ್ಯಾಹ್ನದ ಒಂದು ಪೀರಿಯಡ್ಡು ಆಟಕ್ಕೆ ಮೀಸಲಾಗಬೇಕು. ನಾಲ್ಕೂ ಕಾಲೇಜುಗಳ ಪ್ರಾಂಶುಪಾಲರು ಇಷ್ಟನ್ನು ಬರೆದು, ಒಬ್ಬ ಲೈಸೆನ್ಸ್ ಪಡೆದ ಮಾಜಿ ಆಟಗಾರನನ್ನು ಕೊಡಿ ಎಂದು ಒಂದೇ ಪತ್ರಕ್ಕೆ ಸಹಿ ಹಾಕಿ ಇಲಾಖೆಗೆ ಕಳಿಸಲಿ. ಈ ಶೈಕ್ಷಣಿಕ ವರ್ಷ ಮುಗಿಯುವ ಮುನ್ನ ಆ ಪತ್ರ ಹೋಗಬೇಕು.